ಪದದ ನಡುವಿನ ಉಸಿರು

ಕ್ಲಾವ್ದಿಯಾ ಫೊಮಿನಿಚ್ನಾ ಲ್ಯಾಲಿನಾ ತನ್ನ ಬದುಕಿನ ಬಹುಭಾಗವನ್ನು ಹಾಡುಗಾರರ ಕೊರಳಿನ ಅಳತೆ ತೆಗೆಯುವುದರಲ್ಲಿ ಕಳೆದಳು. ಲೆನಿನ್‌ಗ್ರಾದಿನ ಒಂದು ಒಪೆರಾ ರಂಗಮಂದಿರದಲ್ಲಿ ಅವಳು ಉಡುಪು ಹೊಲಿಯುವವಳು. ಮಾತಿನ ನಾಟಕದವರಿಗೆ ಹೊಲಿಯುವುದು ಬೇರೆ, ಹಾಡಿನ ನಾಟಕದವರಿಗೆ ಹೊಲಿಯುವುದು ಬೇರೆ ಎಂಬುದನ್ನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತಿದ್ದಳು. ಹಾಡುವವನ ಕೊರಳು ಸುಮ್ಮನಿರುವಾಗ ಒಂದು ಗಾತ್ರ, ಸ್ವರ ಮೇಲೇರಿದಾಗ ಇನ್ನೊಂದು. ಎದೆಯೂ ಹಾಗೆಯೇ. ಆದ್ದರಿಂದ ಅಲ್ಲಿ ಒಬ್ಬೊಬ್ಬರಿಗೂ ಎರಡೆರಡು ಸಲ ಅಳತೆಪಟ್ಟಿ ಹಿಡಿಯುತ್ತಿದ್ದರು. ಉಸಿರು ಬಿಟ್ಟು ನಿಂತಾಗ ಒಮ್ಮೆ, ಉಸಿರು ತುಂಬಿಕೊಂಡು ನಿಂತಾಗ ಇನ್ನೊಮ್ಮೆ.

ನಿಕೋದಿಮ್ ಲ್ಯಾಲಿನ್‌ನ ಪರಿಚಯವಾದದ್ದು ಹೀಗೆ ಪಟ್ಟಿ ಹಿಡಿದಾಗಲೇ. ಅವನು ಚಿಕ್ಕಪುಟ್ಟ ಪಾತ್ರಗಳ ಟೆನರ್, ಮೇಲಿನ ಸ್ಥಾಯಿಯಲ್ಲಿ ಹಾಡುವವನು. ವಯಸ್ಸು ನಲವತ್ತು ದಾಟಿತ್ತು. ಹಣೆ ದೊಡ್ಡದಾಗುತ್ತ ನೆತ್ತಿಯವರೆಗೆ ಹೋಗಿತ್ತು.

“ಉಸಿರು ತುಂಬ್ಕೊಳ್ಳಿ,” ಎಂದಳು ಕ್ಲಾವ್ದಿಯಾ.

“ತುಂಬ್ಕೊಂಡೆ.”

“ಅಷ್ಟಲ್ಲ. ಪೂರ್ತಿ.”

“ಪೂರ್ತಿನೇ ಇಷ್ಟು, ತಾಯಿ. ಅದಕ್ಕೇ ಇಷ್ಟು ವರ್ಷದಿಂದ ನಂಗೆ ದೂತನ ಪಾತ್ರ. ಓಡಿ ಬರೋದು, ಪತ್ರ ಕೊಡೋದು, ರಾಜ ಅಳೋಕೆ ಶುರು ಮಾಡೋ ಮುಂಚೆ ಜಾಗ ಖಾಲಿ ಮಾಡೋದು.”

ಅವಳು ನಕ್ಕಾಗ ಪಟ್ಟಿ ಕೈಜಾರಿತು. ಅಳತೆಯನ್ನು ಮೊದಲಿನಿಂದ ತೆಗೆಯಬೇಕಾಯಿತು. ಮುಂದಿನ ವಸಂತದಲ್ಲಿ ಅವರಿಬ್ಬರೂ ಮದುವೆಯಾದರು. ಅವಳಿಗಿಂತ ಅವನು ಹದಿನಾಲ್ಕು ವರ್ಷ ದೊಡ್ಡವನು. ಕೆಲವು ವರ್ಷಗಳ ನಂತರ ಮಗಳು ಹುಟ್ಟಿದಳು. ತಾಯಿಸಿಯಾ ಎಂದು ಹೆಸರಿಟ್ಟು ತಾಸ್ಯಾ ಎಂದು ಕರೆದರು.

ನಿಕೋದಿಮನ ಹಾಡು ಗ್ರಾಮಫೋನ್ ತಟ್ಟೆಯಲ್ಲಿ ಒಮ್ಮೆ ಬಂದಿತ್ತು. ಅದು ಕ್ರಾಂತಿಗೆ ಮುಂಚಿನ ಮಾತು, ಅವನಿನ್ನೂ ಇಪ್ಪತ್ನಾಲ್ಕರ ಹುಡುಗ. ಆಗ ಒಂದು ಕಂಪನಿಯವರು ಎಳೆಯ ಗಾಯಕರನ್ನು ಹೋಟೆಲಿನ ಕೋಣೆಗೆ ಕರೆಸಿ, ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖವೊಡ್ಡಿ ಹಾಡಿಸುತ್ತಿದ್ದರು. ಸ್ವರ ಮೇಲೇರುವಲ್ಲಿ, ಹಾಡನ್ನು ಕೊರೆದುಕೊಳ್ಳುವ ಮೇಣದ ಮೇಲಿನ ಮುಳ್ಳು ಹಾರದಿರಲೆಂದು ಒಬ್ಬ ಆಳು ಗಾಯಕನ ಭುಜ ಹಿಡಿದು ಹಿಂದಕ್ಕೆಳೆಯುತ್ತಿದ್ದ, ಇಳಿಯುವಲ್ಲಿ ಮುಂದಕ್ಕೆ ನೂಕುತ್ತಿದ್ದ. ಅದೇ ದಿನ ಅದೇ ಕೋಣೆಯಲ್ಲಿ ಅವನ ಗೆಳೆಯ ಯೆರ್ಮೊಲಾಯ್ ಪೀಮೆನೊವ್ ಕೂಡ ಹಾಡಿದ. ಇಬ್ಬರಿಂದಲೂ ಹಾಡಿಸಿದ್ದು ಒಂದೇ ಹಾಡು. ಈಗ ಯಾವ ರಂಗಮಂದಿರದಲ್ಲೂ ಆಡದ ಹಳೆಯ ಒಪೆರಾವೊಂದರ ಅಂಬಿಗನ ಹಾಡು. ಯಾರದು ಹೆಚ್ಚು ಖರ್ಚಾಗುವುದೋ ಅವನನ್ನು ಮತ್ತೆ ಕರೆಯುವುದೆಂದು ಕಂಪನಿಯ ಲೆಕ್ಕಾಚಾರ. ಕೊನೆಗೆ ಇಬ್ಬರನ್ನೂ ಕರೆಯಲಿಲ್ಲ.

ಆ ತಟ್ಟೆಯ ಒಂದು ಪ್ರತಿ ಮನೆಯಲ್ಲಿತ್ತು. ಹಾಡಿನ ಕೊನೆಯ ಸಾಲು ಉದ್ದವಾದದ್ದು. ದೋಣಿ ಕತ್ತಲೆಯನ್ನು ದಾಟಿ ತೀರ ಸೇರುವುದನ್ನು ಒಂದೇ ಉಸಿರಿನಲ್ಲಿ ಹಾಡಬೇಕು. ನಿಕೋದಿಮನಿಗೆ ಅಷ್ಟು ಉಸಿರಿರಲಿಲ್ಲ. ‘ತೀರ’ ಎಂಬ ಪದದ ನಡುವೆ, ‘ತೀ’ ಎಂದು ನಿಂತು, ಕಳ್ಳನಂತೆ ಒಂದು ಉಸಿರೆಳೆದು, ಆಮೇಲೆ ‘ರ’ ಎನ್ನುತ್ತಿದ್ದ. ಮುಳ್ಳು ಅದನ್ನೂ ಬಿಡದೆ ಬರೆದುಕೊಂಡಿತ್ತು.

ಪೀಮೆನೊವ್ ಚಹಾಕ್ಕೆ ಬಂದಾಗಲೆಲ್ಲ ಆ ತಟ್ಟೆ ಹಾಕಿಸುತ್ತಿದ್ದ. ಅವನು ಅಗಲ ಎದೆಯ ಆಳು. ನಗುನಗುತ್ತಲೇ ಹಾಡುವವನಾದ್ದರಿಂದ ಅವನ ಸ್ವರಗಳ ಅಂಚಿನಲ್ಲಿ ಯಾವಾಗಲೂ ಒಂದು ನಗೆ ಇರುತ್ತಿತ್ತು.

“ಕೇಳಮ್ಮ ಕ್ಲಾವಾ, ಈಗ ಬಂತು,” ಎಂದು ಬೆರಳೆತ್ತುತ್ತಿದ್ದ. “ದಡ ಮುಟ್ಟೋ ಮುಂಚೆ ನಿನ್ನ ಗಂಡ ಒಂದ್ಸಲ ಮುಳುಗಿ ಏಳ್ತಾನೆ ನೋಡು.”

“ಮುಳುಗಿದ್ರೂ ಎದ್ನಲ್ಲ,” ಎನ್ನುತ್ತಿದ್ದ ನಿಕೋದಿಮ್. “ನಿಂದು ಪ್ರಯಾಣಾನೇ ಅಲ್ಲ. ದಡದಲ್ಲೇ ನಿಂತು ಹಾಡ್ತಿರೋನ ಹಾಗಿದೆ.”

ಒಮ್ಮೆ ಪೀಮೆನೊವ್ ಇನ್ನೊಂದು ಸುದ್ದಿ ತಂದಿದ್ದ. ಸಂತೆಯಲ್ಲಿ ಅವನ ಅತ್ತೆ ಅಳಿಯನ ಹೆಸರು ನೋಡಿ ಅಭಿಮಾನದಿಂದ ಒಂದು ತಟ್ಟೆ ಕೊಂಡಿದ್ದಳು. ಮನೆಯಲ್ಲಿ ಹಾಕಿದರೆ ಅದರೊಳಗೆ ಹಾಡುತ್ತಿದ್ದವನು ಲ್ಯಾಲಿನ್. ಎರಡಕ್ಕೂ ಹಾಡು ಒಂದೇ ಆದ್ದರಿಂದ, ಅಚ್ಚೊತ್ತುವವನು ಯಾವುದೋ ಒಂದು ಕಂತಿನಲ್ಲಿ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿದ್ದ.

“ನಮ್ಮತ್ತೆ ಏನಂದಳು ಗೊತ್ತಾ? ‘ಅಳಿಯಂದಿರೇ, ನಿಮಗೆ ಆಗ ದಮ್ಮಿನ ಕಾಯಿಲೆ ಇತ್ತಾ?’ ಅಂತ.”

ಆ ದಿನ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಪೀಮೆನೊವ್ ಮುಂದೆ ಯುದ್ಧಕ್ಕೆ ಮುಂಚೆಯೇ ಎದೆಯ ಕಾಯಿಲೆಯಿಂದ ತೀರಿಕೊಂಡ.

ಆ ಕಾಲದಲ್ಲಿ ಹೊಸ ತಟ್ಟೆ ಬೇಕಾದವರು ಅಂಗಡಿಗೆ ಹಳೆಯದನ್ನು ಒಯ್ಯಬೇಕಿತ್ತು. ತಟ್ಟೆ ಎರಕ ಹೊಯ್ಯುವ ಅರಗು ಹೊರದೇಶದಿಂದ ಬರಬೇಕಾದದ್ದು, ಸಿಗುತ್ತಿರಲಿಲ್ಲ; ಹಳೆಯದನ್ನು ಪುಡಿಮಾಡಿ ಹೊಸದಕ್ಕೆ ಬೆರೆಸುತ್ತಿದ್ದರು. ಒಡಕಾದರೂ ಸರಿ, ತೂಕಕ್ಕೆ ಬಂದರಾಯಿತು. ಯುದ್ಧದ ಹಿಂದಿನ ವರ್ಷ ತಾಸ್ಯಾಳ ಹುಟ್ಟುಹಬ್ಬಕ್ಕೆ ಮಕ್ಕಳ ಕುಣಿತದ ತಟ್ಟೆ ತರಬೇಕೆಂದಾಯಿತು. ಮನೆಯಲ್ಲಿದ್ದ ಹಳೆಯವೆಲ್ಲ ಆಗಲೇ ಹೋಗಿದ್ದವು. ನಿಕೋದಿಮ್ ತನ್ನದನ್ನೇ ಪತ್ರಿಕೆಯಲ್ಲಿ ಸುತ್ತಿದ.

“ಅದನ್ನ ಯಾಕೆ ತಗೊಂಡ್ರಿ? ಇಡಿ ಕೆಳಗೆ,” ಎಂದಳು ಕ್ಲಾವ್ದಿಯಾ.

“ಅಂಚು ಸೀಳಿದೆ ಕಣೇ. ಎಷ್ಟು ದಿನ ಬರುತ್ತೆ ಇದು?”

“ಸೀಳಿದ್ರೆ ಸೀಳಲಿ. ನಿಮ್ಮ ಹಾಡು ಅದು.”

“ಹಾಡೋನು ಮನೇಲೇ ಬಿದ್ದಿದ್ದಾನಲ್ಲ. ಬೇಕಾದಾಗ ಕೇಳು, ಕೀಲಿ ಕೊಡೋದೂ ಬೇಡ.”

ಅವನು ಬೂಟಿನ ಮೇಲೆ ರಬ್ಬರಿನ ಮೇಲ್ಬೂಟು ಏರಿಸಿಕೊಂಡು ಹೋದ. ಮರಳಿ ಬರುವಾಗ ಕೈಯಲ್ಲಿ ಕುಣಿತದ ತಟ್ಟೆಯಿತ್ತು. ತಾಸ್ಯಾ ಅಂದು ಸಂಜೆಯೆಲ್ಲ ಕುಣಿದಳು.

ಯುದ್ಧ ಬಂತು. ಮಗುವನ್ನು ಶಿಶುವಿಹಾರದ ಉಳಿದ ಮಕ್ಕಳೊಂದಿಗೆ ರೈಲಿನಲ್ಲಿ ಉರಾಲ್ ಕಡೆಗೆ ಕಳಿಸಿದರು. ರಂಗಮಂದಿರವೂ ಪೂರ್ವಕ್ಕೆ ಹೋಯಿತು. ನಿಕೋದಿಮ್ ಆಗ ಕಾಯಿಲೆ ಬಿದ್ದಿದ್ದರಿಂದ ಹೋಗಲಾಗಲಿಲ್ಲ, ಅವನನ್ನು ಬಿಟ್ಟು ಕ್ಲಾವ್ದಿಯಾ ಹೋಗಲಿಲ್ಲ. ಶತ್ರು ಸೈನ್ಯ ಊರನ್ನು ಸುತ್ತುವರಿದ ದಿಗ್ಬಂಧನದ ಮೊದಲ ಚಳಿಗಾಲದಲ್ಲಿ ಅವನು ತೀರಿಕೊಂಡ. ಕೊನೆಯ ವಾರಗಳಲ್ಲಿ ಅವನಿಗೆ ದನಿ ಇರಲಿಲ್ಲ. ಹಸಿವು ಮೊದಲು ಕಾಲನ್ನು ಹಿಡಿಯಿತು, ಆಮೇಲೆ ಗಂಟಲನ್ನು. ಅವನ ಬಾಯಿಗೆ ಕಿವಿಯಿಟ್ಟು ಅವಳು ಕೇಳಿಸಿಕೊಂಡದ್ದು ಪಿಸುಮಾತು. ಪಿಸುಮಾತಿನಲ್ಲಿ ಎಲ್ಲ ಗಂಡಸರೂ ಒಂದೇ. ಅವನನ್ನು ಮಗುವಿನ ಜಾರುಬಂಡಿಯ ಮೇಲೆ ಎಳೆದೊಯ್ದು ಸ್ಮಶಾನಕ್ಕೆ ಒಪ್ಪಿಸಿ ಬಂದಳು. ಆ ವರ್ಷ ಆ ಊರಿನಲ್ಲಿ ಇದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ತಾಸ್ಯಾ ಮರಳಿದಾಗ ಎಂಟು ವರ್ಷದವಳು. ಅಪ್ಪನ ಬಗ್ಗೆ ಅವಳಿಗೆ ಉಳಿದಿದ್ದದ್ದು ಒದ್ದೆ ಮೇಲ್ಬೂಟಿನ ರಬ್ಬರ್ ವಾಸನೆ ಮತ್ತು ತನ್ನನ್ನು ಮೇಲಕ್ಕೆತ್ತಿದ ಎರಡು ಕೈ. ಮುಖವನ್ನು ಭಾವಚಿತ್ರ ತುಂಬಿಕೊಟ್ಟಿತು. ದನಿಯನ್ನು ತುಂಬಿಕೊಡುವಂಥದ್ದು ಏನೂ ಇರಲಿಲ್ಲ.

“ಅಪ್ಪ ಹೇಗೆ ಮಾತಾಡ್ತಿದ್ರು, ಅಮ್ಮಾ?”

“ಹೇಗೆ ಅಂದ್ರೆ? ಎಲ್ಲಾರ ಹಾಗೇ.”

“ದಪ್ಪ ದನೀನಾ, ಸಣ್ಣದಾ?”

“ಸಣ್ಣದು. ಆದ್ರೆ… ಬೆಚ್ಚಗಿತ್ತು.”

“ಬೆಚ್ಚಗೆ ಅಂದ್ರೆ ಹೇಗೆ? ಮಾಡಿ ತೋರ್ಸು.”

ಕ್ಲಾವ್ದಿಯಾ ಒಂದೆರಡು ಸಲ ಪ್ರಯತ್ನಿಸಿದಳು. ತನ್ನ ಬಾಯಿಂದ ಬಂದದ್ದು ತನ್ನ ದನಿಯೇ ಆಗಿದ್ದುದರಿಂದ ನಿಲ್ಲಿಸಿದಳು. ಆದರೆ ಅವಳೊಳಗೆ ಆ ದನಿ ಚೆನ್ನಾಗಿಯೇ ಇತ್ತು. ಟ್ರಾಮಿಗೆ ಕಾಯುವಾಗ, ಗುಂಡಿಯ ಕಾಜ ಹೊಲಿಯುವಾಗ, ಕರೆದರೆ ಬರುತ್ತಿತ್ತು. ‘ಕ್ಲಾವಾ, ನನ್ನ ಕೊರಳವಸ್ತ್ರ ಎಲ್ಲಿಟ್ಟೆ?’ ಎಂಬಂಥ ಮಾತುಗಳನ್ನೇ ಅದು ಆಡುತ್ತಿತ್ತು. ಅದನ್ನು ಹೊರಗೆ ತೆಗೆದು ಮಗಳಿಗೆ ಕೊಡುವ ದಾರಿ ಅವಳಿಗೆ ತಿಳಿಯಲಿಲ್ಲ. ವರ್ಷಗಳು ಕಳೆದಂತೆ ಅವಳಿಗಿದ್ದ ಆಸೆ ಇದೊಂದೇ: ಮಗಳು ಒಂದು ಸಲ, ಒಂದೇ ಒಂದು ಸಲ, ಅವನನ್ನು ಕೇಳಬೇಕು. ತಾನೂ ಪಕ್ಕದಲ್ಲಿ ಕುಳಿತು ಕೇಳಬೇಕು.

ತಾಸ್ಯಾ ಓದು ಮುಗಿಸಿ ಒಂದು ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಳು. ತಾಯಿಮಗಳಿದ್ದದ್ದು ಐದು ಕುಟುಂಬಗಳು ಒಂದೇ ಅಡುಗೆಮನೆಯನ್ನು ಹಂಚಿಕೊಂಡ ಹಳೆಯ ಮನೆಯ ಒಂದು ಕೋಣೆಯಲ್ಲಿ. ಅವಳು ಕೆಲಸಕ್ಕೆ ಸೇರಿದ ವರ್ಷದ ಚಳಿ ಇಳಿಯುತ್ತಿದ್ದಾಗ ಒಂದು ಸಂಜೆ ತಾಸ್ಯಾ ಕೋಟನ್ನೂ ಬಿಚ್ಚದೆ ನೇರ ಅಡುಗೆಮನೆಗೆ ಬಂದಳು.

“ಅಮ್ಮಾ, ಸಿಕ್ತು!”

“ಬಾಗಿಲು ಹಾಕೇ, ಚಳಿ ಒಳಗೆ ಬರುತ್ತೆ,” ಎಂದಳು ಒಲೆಯ ಮುಂದಿದ್ದ ಮಾರ್ಫಾ. ಪಕ್ಕದ ಕೋಣೆಯ ಮಾರ್ಫಾ ಟ್ರಾಮಿನಲ್ಲಿ ಟಿಕೆಟ್ ಕೊಡುವವಳು. ಮನೆಯಲ್ಲೂ ಅದೇ ದನಿ. “ಏನು ಸಿಕ್ತು? ಗಂಡಾನಾ?”

“ಅಪ್ಪನ ತಟ್ಟೆ! ನಮ್ಮ ಆಫೀಸಿನವರ ಪರಿಚಯದ ಒಬ್ಬರು ಹಳೇ ಹಾಡುಗಾರರ ತಟ್ಟೆ ಕೂಡಿಡ್ತಾರಂತೆ. ಲ್ಯಾಲಿನ್ ಅಂತ ಕೇಳಿದ್ದಕ್ಕೆ, ‘ಇದೆ, ಅಂಬಿಗನ ಹಾಡು, ನನಗೆ ಗೊತ್ತಿರೋ ಹಾಗೆ ಬೇರೆ ಯಾರ ಹತ್ರಾನೂ ಇಲ್ಲ’ ಅಂದ್ರಂತೆ. ಭಾನುವಾರ ಬನ್ನಿ ಅಂದಿದ್ದಾರೆ.”

ಕ್ಲಾವ್ದಿಯಾಳ ಕೈಯಲ್ಲಿದ್ದ ಚಮಚ ಗಂಜಿಯಲ್ಲಿ ಮುಳುಗಿತು. ಮಾರ್ಫಾ ಅವಳ ಮುಖ ನೋಡಿ, ಚಮಚ ತೆಗೆದು ಒರೆಸಿ, ಒಲೆಯ ಉರಿಯನ್ನು ತಗ್ಗಿಸಿದಳು.

“ಕೂತ್ಕೋ ಕ್ಲಾವಾ. ಗಂಜಿ ನಾನು ನೋಡ್ಕೋತೀನಿ.”

ಭಾನುವಾರಕ್ಕೆಂದು ಕ್ಲಾವ್ದಿಯಾ ಎಲೆಕೋಸು ತುಂಬಿದ ಕಡುಬು ಬೇಯಿಸಿದಳು. ಕಂದು ಉಡುಪಿಗೆ ಇಸ್ತ್ರಿ ಹಾಕಿ, ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದಳು. ಟ್ರಾಮಿನಲ್ಲಿ ತಾಸ್ಯಾ ಮಾತಾಡುತ್ತಲೇ ಇದ್ದಳು. ಕ್ಲಾವ್ದಿಯಾ ಕಿಟಕಿಯಾಚೆ ಕರಗುತ್ತಿದ್ದ ಹಿಮವನ್ನು ನೋಡುತ್ತ ಕೊನೆಯ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಂಡಳು. ‘ತೀ’ ಎಂಬಲ್ಲಿ ನಿಂತು, ಆಮೇಲೆ ‘ರ’.

ತಟ್ಟೆಗಳ ಒಡೆಯರು ಇನ್ನೊಕೆಂತಿ ಪಾವ್ಲೊವಿಚ್ ಎಂಬ ನಿವೃತ್ತ ಹಲ್ಲಿನ ವೈದ್ಯರು. ಕೋಣೆಯ ಮೂರು ಗೋಡೆಗಳೂ ತಟ್ಟೆಗಳೇ. ಮಂಚ ಕಪಾಟುಗಳ ನಡುವೆ ಹೇಗೋ ತೂರಿಕೊಂಡಿತ್ತು.

“ಬನ್ನಿ, ಬನ್ನಿ, ಕ್ಲಾವ್ದಿಯಾ ಫೊಮಿನಿಚ್ನಾ. ಕೋಟು ಇಲ್ಲಿ ಕೊಡಿ. ಮೂವತ್ತು ವರ್ಷ ಜನರ ಬಾಯಿ ತೆರೆಸಿದೆ ನಾನು, ಒಬ್ಬನಾದ್ರೂ ಹಾಡ್ಲಿಲ್ಲ. ಅದಕ್ಕೇ ಇವರನ್ನೆಲ್ಲ ಕೂಡಿಹಾಕ್ಕೊಂಡಿದ್ದೀನಿ.” ಕಡುಬನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. “ಹಾಡುಗಾರರ ಹೆಂಡತಿ ಅಂದ್ರೆ ನನಗೆ ದೊಡ್ಡ ಅತಿಥಿ. ಇಷ್ಟು ವರ್ಷದಲ್ಲಿ ನನ್ನ ಲ್ಯಾಲಿನ್‌ನ ಕೇಳೋಕೆ ಅಂತ ಯಾರೂ ಬಂದಿರಲಿಲ್ಲ.”

‘ನನ್ನ ಲ್ಯಾಲಿನ್’ ಎಂದದ್ದು ಕ್ಲಾವ್ದಿಯಾಳಿಗೆ ಹಿತವಾಯಿತು. ಇಷ್ಟು ಕಾಲ ಅವನು ಇಲ್ಲಿ ಬೆಚ್ಚಗೆ, ಒಬ್ಬರ ಕಾಳಜಿಯಲ್ಲಿದ್ದ ಎನ್ನಿಸಿತು.

ಅವರು ತಟ್ಟೆಯನ್ನು ಬಟ್ಟೆಯ ಚೀಲದಿಂದ ತೆಗೆದು ದೀಪಕ್ಕೆ ಹಿಡಿದರು. ಕೆಂಪು ಚೀಟಿ. ನಡುವೆ ಅವನ ಹೆಸರು, ಹಳೆಯ ಕಾಗುಣಿತದಲ್ಲಿ, ಕೊನೆಯಲ್ಲಿ ಕ್ರಾಂತಿಯ ನಂತರ ಯಾರೂ ಬರೆಯದ ಒಂದು ಅಕ್ಷರದೊಂದಿಗೆ. ತಾಸ್ಯಾ ಬೆರಳ ತುದಿಯಿಂದ ಹೆಸರನ್ನು ಮುಟ್ಟಿದಳು. ವೈದ್ಯರು ಗದರಿಸಲಿಲ್ಲ.

“ಉಕ್ಕಿನ ಮುಳ್ಳು ಹಾಕಲ್ಲ ನಾನು. ಗೆರೆ ತಿಂದುಹಾಕುತ್ತೆ.” ಮರದ ಮುಳ್ಳೊಂದನ್ನು ಕತ್ತರಿಯಿಂದ ಓರೆಯಾಗಿ ಚೂಪುಮಾಡಿದರು. “ಹಲ್ಲಿನ ಕೆಲಸದಲ್ಲಿ ಕೈ ಪಳಗಿದೆ, ಹೆದರಬೇಡಿ. ನೋವಾಗಲ್ಲ.”

ಮೊದಲು ಸುಯ್ ಎಂಬ ಸದ್ದು ಬಂತು. ಆಮೇಲೆ ತಗಡಿನ ಪೆಟ್ಟಿಗೆಯಲ್ಲಿ ನುಡಿಸಿದಂಥ ಪಿಯಾನೋ. ಆಮೇಲೆ ದನಿ.

ತಾಸ್ಯಾ ತಾಯಿಯ ಕೈ ಹಿಡಿದುಕೊಂಡಳು. ಕ್ಲಾವ್ದಿಯಾ ಕಣ್ಣು ಮುಚ್ಚಿದಳು. ಮೊದಲ ಸಾಲು ಮುಗಿಯುವಾಗ ಅವಳಿಗೆ ದನಿ ದೊಡ್ಡದಾಗಿದೆ ಎನ್ನಿಸಿತು. ಇಷ್ಟು ವರ್ಷವಾಯಿತು, ತನಗೇ ಮರೆತಿರಬೇಕು ಎಂದುಕೊಂಡಳು. ಯಂತ್ರ ಬೇರೆ, ಮುಳ್ಳು ಬೇರೆ, ಅವನಾದರೂ ಆಗ ಎಳೆಯ ಹುಡುಗ ಎಂದು ಒಂದೊಂದೇ ಸಮಾಧಾನ ಹೇಳಿಕೊಂಡಳು. ಎರಡನೆಯ ಚರಣದಲ್ಲಿ ಸ್ವರದ ಅಂಚಿನಲ್ಲಿ ಒಂದು ನಗೆ ಕೇಳಿಸಿತು. ಅವಳು ಸಮಾಧಾನಗಳನ್ನು ನಿಲ್ಲಿಸಿ ಕೊನೆಯ ಸಾಲಿಗೆ ಕಾದಳು. ಅಲ್ಲಿ ತಿಳಿದೇ ತಿಳಿಯುತ್ತದೆ.

ಕೊನೆಯ ಸಾಲು ಬಂತು. ದೋಣಿ ಕತ್ತಲೆಯನ್ನು ದಾಟಿತು. ದನಿ ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಮುಳುಗದೆ, ಅಗಲವಾಗಿ, ಸುಖವಾಗಿ ತೀರ ಸೇರಿತು.

ಹಾಡುತ್ತಿದ್ದವನು ಪೀಮೆನೊವ್.

ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಿತ್ತು. ವೈದ್ಯರು ಅದನ್ನು ಎತ್ತಿದರು. ತಾಸ್ಯಾಳ ಕೆನ್ನೆ ತೋಯ್ದಿತ್ತು. ಒರೆಸಿಕೊಳ್ಳುವುದೂ ಅವಳಿಗೆ ತೋಚಿರಲಿಲ್ಲ.

“ಒಂದೇ ಉಸಿರಲ್ಲಿ!” ಎಂದಳು. “ಕೊನೇ ಸಾಲು ಪೂರ್ತಿ ಒಂದೇ ಉಸಿರಲ್ಲಿ ಹಾಡಿದ್ರು ಅಪ್ಪ! ಕೇಳಿದ್ಯಾ ಅಮ್ಮಾ? ನೀನು ಯಾವತ್ತೂ ಹೇಳಲೇ ಇಲ್ವಲ್ಲ. ಸಣ್ಣ ದನಿ ಅಂತಿದ್ದೆ. ಇದು ಸಣ್ಣದಾ?”

ಕ್ಲಾವ್ದಿಯಾ ಬಾಯಿ ತೆರೆದಳು. ವೈದ್ಯರ ಕಣ್ಣು ಹೊಳೆಯುತ್ತಿತ್ತು. ಮಗಳು ಐದರ ಹುಡುಗಿಯಂತೆ ತನ್ನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪಾನೇ ಅಲ್ವಾ, ಅಮ್ಮಾ? ಹೀಗೇ ಇತ್ತಲ್ವಾ?”

“ಹೂಂ,” ಎಂದಳು ಕ್ಲಾವ್ದಿಯಾ. “ಹೀಗೇ.”

ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೆ ಆಮೇಲೆ ಅರಿವಾಯಿತು. ಆಗ ಹಿಂತೆಗೆದುಕೊಳ್ಳಲು ಆಗಲಿಲ್ಲ. ತಾಸ್ಯಾ ಅವಳ ಹೆಗಲಿಗೆ ಮುಖವಿಟ್ಟಿದ್ದಳು.

ಚಹಾ ಬಂತು, ಚೆರಿ ಹಣ್ಣಿನ ಪಾಕ ಬಂತು. ಕಡುಬನ್ನು ವೈದ್ಯರು ಹೊಗಳಿದರು. ತಾಸ್ಯಾ ಕಪಾಟುಗಳನ್ನು ನೋಡಲು ಎದ್ದಾಗ ಕ್ಲಾವ್ದಿಯಾ ಬಟ್ಟಲಿನ ಮೇಲೆ ಕಣ್ಣಿಟ್ಟು ಕೇಳಿದಳು:

“ಇನ್ನೊಕೆಂತಿ ಪಾವ್ಲೊವಿಚ್, ಪೀಮೆನೊವ್ ಅಂತ ಇನ್ನೊಬ್ರಿದ್ರು. ಇದೇ ಹಾಡು. ಅದೇನಾದ್ರೂ ನಿಮ್ಮ ಹತ್ರ…”

“ಪೀಮೆನೊವ್! ಇದ್ದ, ಇದ್ದ. ಎರಡನ್ನೂ ಒಂದೇ ಮನೆಯಿಂದ ಒಟ್ಟಿಗೇ ಕೊಂಡಿದ್ದೆ. ಯುದ್ಧ ಮುಗಿದ ಮೇಲೆ ಗೊತ್ತಲ್ಲ, ಹೊಸದು ಬೇಕಂದ್ರೆ ಹಳೇದು ಕೊಡಿ ಅಂತಿದ್ರು. ಎರಡರಲ್ಲಿ ಒಂದು ಹೋಗಲೇಬೇಕಿತ್ತು. ಪೀಮೆನೊವ್ ಸಂತೇಲಿ ಆಗಾಗ ಸಿಗ್ತಿದ್ದ, ಲ್ಯಾಲಿನ್ ಸಿಗ್ತಿರಲಿಲ್ಲ. ಪೀಮೆನೊವ್‌ನ ಕೊಟ್ಟುಬಿಟ್ಟೆ.”

“ಕೊಡೋ ಮುಂಚೆ ಕೇಳಿದ್ರಾ?”

“ನನ್ನ ಹೆಂಡತಿನೂ ಅದೇ ಅಂದ್ಲು, ಪಾಪ, ಈಗಿಲ್ಲ ಅವಳು. ‘ಒಂದ್ಸಲ ಹಾಕಿ ಕೇಳಿ ಕೊಡಿ’ ಅಂತ. ಎರಡೂ ಒಂದೇ ಹಾಡು, ಏನು ಕೇಳೋದು ಅಂದೆ. ಹೆಸರು ನೋಡ್ದೆ, ಕೊಟ್ಟೆ.” ಅವರು ಪಾಕದ ಬಟ್ಟಲನ್ನು ಅವಳತ್ತ ಸರಿಸಿದರು. “ನಿಮ್ಮ ಯಜಮಾನರನ್ನ ಉಳಿಸ್ಕೊಂಡೆ ನೋಡಿ. ಒಳ್ಳೇದೇ ಮಾಡ್ದೆ ಅಲ್ವಾ?”

“ಒಳ್ಳೇದು ಮಾಡಿದ್ರಿ,” ಎಂದಳು ಅವಳು. ಚಹಾ ಕುಡಿಯಲು ಆಗಲಿಲ್ಲ. ತಣ್ಣಗಾಗಲಿ ಎಂದು ಕಾಯುವವಳಂತೆ ಕುಳಿತಳು.

ಎರಡನೆಯ ಸಲ ನಿಕೋದಿಮ್ ಪುಡಿಯಾಗಿ ಕುಲುಮೆಗೆ ಹೋದದ್ದು ಗೆಳೆಯನ ಹೆಸರು ಹೊತ್ತು. ಇದನ್ನು ಹೇಳಿಕೊಳ್ಳಲು ಲೋಕದಲ್ಲಿ ಅವಳಿಗೆ ಇಬ್ಬರೇ ಇದ್ದರು. ಹೇಳಿದ್ದರೆ ಪೀಮೆನೊವ್ ಮೊದಲು ನಗುತ್ತಿದ್ದ, ಆಮೇಲೆ ನಿಕೋದಿಮ್.

ವೈದ್ಯರು ತಾವಾಗಿಯೇ ಇನ್ನೊಂದು ಉಪಕಾರ ಮಾಡಿದರು. ಆಸ್ಪತ್ರೆಗಳಲ್ಲಿ ಬೇಡವಾದ ಎಕ್ಸ್-ರೇ ಹಾಳೆಗಳ ಮೇಲೆ ಹಾಡಿನ ನಕಲು ಕೆತ್ತಿಕೊಡುವ ಹುಡುಗರು ಆಗ ಊರಿನಲ್ಲಿದ್ದರು. ಅವರಲ್ಲೊಬ್ಬ ವೈದ್ಯರಿಗೆ ಪರಿಚಿತ. ತಿಂಗಳೊಳಗೆ ತಾಸ್ಯಾಳ ಕೈಗೆ ದುಂಡಗೆ ಕತ್ತರಿಸಿದ ಒಂದು ಹಾಳೆ ಬಂತು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬುಗಳು ಕಾಣುತ್ತಿದ್ದವು.

“ಅಯ್ಯೋ, ಇದು ಯಾರ ಎದೇನೋ!” ಎಂದಳು ಮಾರ್ಫಾ.

“ಎದೆ ಯಾರದ್ದಾದ್ರೇನು ಮಾರ್ಫಕ್ಕಾ, ದನಿ ನಮ್ಮಪ್ಪಂದು,” ಎಂದಳು ತಾಸ್ಯಾ.

ಅಂದಿನಿಂದ ಅದು ಭಾನುವಾರದ ಪದ್ಧತಿಯಾಯಿತು. ತಾಸ್ಯಾ ಮದುವೆಯಾಗಲಿದ್ದ ಹುಡುಗ ಬಂದರೆ ಅವನಿಗೆ, ಆಫೀಸಿನ ಗೆಳತಿಯರು ಬಂದರೆ ಅವರಿಗೆ, ಅಂಚೆಯವನು ಬಂದು ನಿಂತರೆ ಅವನಿಗೂ ಕೇಳಿಸುತ್ತಿದ್ದಳು. “ಈಗ ಕೇಳಿ, ಕೊನೇ ಸಾಲು. ಒಂದೇ ಉಸಿರು,” ಎಂದು ಬೆರಳೆತ್ತುತ್ತಿದ್ದಳು. ಹೆಚ್ಚು ನಗದ ಹುಡುಗಿ ಅವಳು. ಆ ಒಂದು ಗಳಿಗೆಯಲ್ಲಿ ಅವಳ ಮುಖ ಬೇರೆಯೇ ಆಗುತ್ತಿತ್ತು. ನಿಜವನ್ನು ಹೇಳಬೇಕೆಂದು ಕ್ಲಾವ್ದಿಯಾ ಎಷ್ಟೋ ಸಲ ಮನಸ್ಸು ಗಟ್ಟಿ ಮಾಡಿಕೊಂಡಳು. ಹೇಳಿದರೆ ಮಗಳಿಗೆ ಅದಕ್ಕೆ ಬದಲಾಗಿ ಕೊಡಲು ತನ್ನಲ್ಲಿ ಏನಿದೆ ಎಂದು ಕೇಳಿಕೊಂಡಾಗ ಮಾತು ಹಿಂದಕ್ಕೆ ಹೋಗುತ್ತಿತ್ತು.

ಕೊಡಲು ಏನಾದರೂ ಸಿಕ್ಕರೆ ಹೇಳಬಹುದಿತ್ತು. ಅದಕ್ಕಾಗಿ ಅವಳು ಮಗಳಿಗೆ ತಿಳಿಯದಂತೆ ಹುಡುಕಿದಳು. ಕೆಲಸದಿಂದ ಬರುವ ದಾರಿಯಲ್ಲಿ ಹಳೆಯ ಸಾಮಾನಿನ ಅಂಗಡಿಗಳನ್ನು ಹೊಕ್ಕು, ಗೆಳೆಯನ ಚೀಟಿಯಡಿ ನಿಕೋದಿಮ್ ಅಡಗಿರಬಹುದೆಂದು, ಪೀಮೆನೊವ್ ಇದೆಯೇ ಎಂದು ವಿಚಾರಿಸುತ್ತಿದ್ದಳು.

“ಯಾರು ತಾಯಿ ಅವನು?” ಎನ್ನುತ್ತಿದ್ದ ಒಂದು ಅಂಗಡಿಯ ಮುದುಕ. “ದೊಡ್ಡದೊಡ್ಡವರ ತಟ್ಟೆ ಇಲ್ಲಿ ಧೂಳು ತಿಂತಿವೆ. ನಿಮಗೆ ಪೀಮೆನೊವ್ ಯಾಕೆ ಬೇಕು? ಪ್ರೀತಿ ಗೀತಿ ಇತ್ತಾ?”

“ಇತ್ತು ಅಂದ್ರೆ ಬೆಲೆ ಇಳಿಸ್ತೀರಾ?”

“ಇಳಿಸಲ್ಲ. ಹುಡುಕ್ತೀನಿ.”

ಅವನು ಹುಡುಕಿಯೂ ಹುಡುಕಿದ. ಮರುವರ್ಷದ ಶರತ್ಕಾಲದಲ್ಲಿ ಕೆಂಪು ಚೀಟಿಯ ಒಂದು ತಟ್ಟೆಯನ್ನು ಗಲ್ಲಾದ ಮೇಲಿಟ್ಟ. ಯೆರ್ಮೊಲಾಯ್ ಪೀಮೆನೊವ್, ಅಂಬಿಗನ ಹಾಡು. ಹಾಕಿ ಎಂದು ಕೇಳಿಕೊಂಡಳು. ಮುದುಕ ಅಂಗಡಿಯ ಯಂತ್ರಕ್ಕೆ ಕೀಲಿ ಕೊಟ್ಟ. ಕ್ಲಾವ್ದಿಯಾ ಗಲ್ಲಾದ ಅಂಚನ್ನು ಹಿಡಿದುಕೊಂಡು ನಿಂತಳು. ದನಿ ಬಂತು, ಅಗಲವಾದ ಎದೆಯ ದನಿ, ಅಂಚಿನಲ್ಲಿ ನಗೆ. ಇದರ ಮೇಲಿನ ಚೀಟಿ ಸರಿಯಾಗಿಯೇ ಇತ್ತು. ಅವಳಿಗೆ ಅಳುವಿನ ಬದಲು ನಗು ಬಂತು.

“ಎಲ್ಲಿ ಹೋದ್ರೂ ನೀನೇ ಸಿಗ್ತೀಯಲ್ಲಯ್ಯ,” ಎಂದಳು ತಟ್ಟೆಗೆ.

ಮುದುಕನಿಗೆ ಅರ್ಥವಾಗಲಿಲ್ಲ. ಪ್ರೀತಿ ಇತ್ತು ಎಂಬುದೇ ಖಚಿತವಾಯಿತೆಂದು ಬೆಲೆಯನ್ನು ಇಳಿಸಿ ಹೇಳಿದ. ಬೇಡ ಎಂದು ಬಂದುಬಿಟ್ಟಳು.

ಅವಳು ಎಣಿಸದೇ ಇದ್ದದ್ದು ಒಂದಿತ್ತು. ಭಾನುವಾರದ ಹಾಡು ನಿಧಾನವಾಗಿ ವಾರದ ಉಳಿದ ದಿನಗಳಿಗೂ ಹಬ್ಬುತ್ತಿತ್ತು. ಒಂದು ಮುಂಜಾನೆ ಟ್ರಾಮಿಗೆ ಕಾಯುತ್ತ ನಿಂತಾಗ ಅವಳು ರೂಢಿಯಂತೆ ನಿಕೋದಿಮನನ್ನು ಕರೆದಳು. ‘ಕ್ಲಾವಾ, ನನ್ನ ಕೊರಳವಸ್ತ್ರ ಎಲ್ಲಿಟ್ಟೆ?’ ಎಂದ ಅವನು. ಮಾತು ಅವನದೇ. ಹೇಳಿದ ದನಿ ದೊಡ್ಡದಾಗಿತ್ತು, ಅಂಚಿನಲ್ಲಿ ನಗೆಯಿತ್ತು. ಅವಳು ಬೆಚ್ಚಿ, ಇನ್ನೊಮ್ಮೆ ಕರೆದಳು. ಮತ್ತೆ ಅದೇ. ಟ್ರಾಮು ಬಂದು ಬಾಗಿಲು ತೆರೆದು ಮುಚ್ಚಿಕೊಂಡು ಹೋಯಿತು. ಅವಳು ನಿಂತಲ್ಲೇ ನಿಂತಿದ್ದಳು. ಹದಿನೆಂಟು ಚಳಿಗಾಲಗಳನ್ನು ದಾಟಿಸಿ ಕಾಪಾಡಿಕೊಂಡು ಬಂದದ್ದು ಮನೆಯೊಳಗೆ, ಮಗಳ ಸಂತೋಷದ ನಡುವೆ, ಸವೆಯುತ್ತಿತ್ತು. ಮರದ ಮುಳ್ಳಿನಿಂದ ಅದನ್ನು ಕಾಯಲು ಸಾಧ್ಯವಿರಲಿಲ್ಲ.

ಆಮೇಲೆ ಅವಳು ಭಾನುವಾರ ಆ ಹಾಡನ್ನು ಕೇಳಲಿಲ್ಲ. ತಾಸ್ಯಾ ಹಾಳೆಯನ್ನು ಲಕೋಟೆಯಿಂದ ತೆಗೆಯುವ ಸದ್ದಾದೊಡನೆ ಎದ್ದು, ಏನೋ ನೆನಪಾದವಳಂತೆ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡು ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿದ್ದಳು.

“ಅಮ್ಮನಿಗೆ ತಡ್ಕೊಳ್ಳೋಕಾಗಲ್ಲ,” ಎನ್ನುತ್ತಿದ್ದಳು ತಾಸ್ಯಾ ಬಂದವರಿಗೆ, ದನಿ ತಗ್ಗಿಸಿ. “ಇಷ್ಟು ವರ್ಷ ಆದ್ಮೇಲೂ.” ಬಂದವರು ಗೌರವದಿಂದ ತಲೆ ತಗ್ಗಿಸುತ್ತಿದ್ದರು. ಹಾಡು ಅವರಿಗೆ ಇನ್ನಷ್ಟು ಚೆನ್ನಾಗಿ ಕೇಳಿಸುತ್ತಿತ್ತು.

ತಾಸ್ಯಾಳ ಮದುವೆಯ ಹಿಂದಿನ ಭಾನುವಾರ ಕೋಣೆ ತುಂಬ ಜನ. ಹುಡುಗನ ಕಡೆಯವರಿಗೆಂದು ಹಾಡನ್ನು ಎರಡು ಸಲ ಹಾಕಿದರು. ಎರಡನೆಯ ಸಲ ಶುರುವಾಗುವಾಗ ಮಾರ್ಫಾ ಕೊಳೆಬಟ್ಟೆಯ ರಾಶಿ ಹೊತ್ತು ಅಡುಗೆಮನೆಗೆ ಬಂದಳು. ಕ್ಲಾವ್ದಿಯಾ ನೀರು ಸುರಿಯುತ್ತಿದ್ದ ತೊಟ್ಟಿಯ ಮುಂದೆ, ಕೈ ಒದ್ದೆ ಮಾಡಿಕೊಳ್ಳದೆ, ನಿಂತಿದ್ದಳು.

“ಏನೇ ಇದು ಕ್ಲಾವಾ, ನೆವಾ ನದೀನೆಲ್ಲ ಇಲ್ಲಿಗೇ ತರಿಸ್ತಿದ್ದೀಯಾ? ತೊಟ್ಟೀಲಿ ಒಂದು ಲೋಟಾನೂ ಇಲ್ಲ.”

“ಸ್ವಲ್ಪ ಹೊತ್ತು ಬಿಡು, ಮಾರ್ಫಾ.”

“ಎಷ್ಟು ಹೊತ್ತು?”

“ಅದು ಮುಗಿಯೋವರ್ಗೂ.”

ಮಾರ್ಫಾ ಬಾಗಿಲಿನತ್ತ ನೋಡಿದಳು, ಅವಳತ್ತ ನೋಡಿದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ತಗಡಿನ ಬೋಗುಣಿಯನ್ನು ಇಳಿಸಿ ನಲ್ಲಿಯ ಕೆಳಗೆ ಬೋರಲು ಹಾಕಿದಳು. ನೀರು ಅದರ ಬೆನ್ನಿನ ಮೇಲೆ ಬಿದ್ದು ಮನೆಯೆಲ್ಲ ಕೇಳುವಂತೆ ಬಡಿಯತೊಡಗಿತು.